ಅಜ್ಜಿಯ ಒಂಬತ್ತು ನಿಮಿಷ

ಅರ್ಥವಾಗದ ಭಾಷೆಯಲ್ಲಿ ಒಂದು ಊರಿನ ಮುಳುಗಡೆಯನ್ನು ಓದಿ ಹೇಳಿ, ಜನರ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡಾಗ, ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇರಲಿಲ್ಲವೇ?

ಥಾಯ್ಲೆಂಡ್ ಗಡಿಯ ಸಾಲ್ವೀನ್ ನದಿ ಕಣಿವೆಯ ಆ ಕರೆನ್ ಬುಡಕಟ್ಟಿನ ಹಳ್ಳಿಯ ಶಾಲೆಯಲ್ಲಿ ಅಣೆಕಟ್ಟಿನ ಅಹವಾಲು ಸಭೆ ನಡೆದಿತ್ತು. ಅಧಿಕಾರಿ ನಲವತ್ತು ನಿಮಿಷ ಥಾಯ್ ಭಾಷೆಯಲ್ಲಿ ವರದಿ ಓದಿದ. ದುಭಾಷಿ ಕ್ಲೋಥೂ ಅದನ್ನು ಕರೆನ್ ಭಾಷೆಯಲ್ಲಿ ಒಂದೇ ವಾಕ್ಯಕ್ಕೆ ಇಳಿಸಿದ: ನೀರು ಬರುತ್ತದೆ, ಪರಿಹಾರ ಸಿಗುತ್ತದೆ.

ಎರಡೂ ಭಾಷೆ ಬಲ್ಲ ಶಿಕ್ಷಕಿ ವಾಪೋ ಹಲ್ಲು ಕಚ್ಚಿ ಕುಳಿತಳು.

ಬಳಿಕ ಅವಳ ಅಜ್ಜಿ ಎದ್ದರು. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಬಿದಿರಿನ ಕೊಳವೆಯಲ್ಲಿಟ್ಟು ಮರಕ್ಕೆ ಕಟ್ಟುತ್ತೇವೆ, ಆ ಮರ ಬಿದ್ದರೆ ಮಗುವಿನ ಪ್ರಾಣ ಎಲ್ಲಿ ನಿಲ್ಲಬೇಕು ಎಂದು ಕೇಳಿದರು. ಮುಳುಗುವ ಕಾಡಿನಲ್ಲಿ ವಾಪೋಳ ಮರವೂ ಇತ್ತು.

"ಅಜ್ಜಿಗೆ ಮರಗಳೆಂದರೆ ಇಷ್ಟ," ಎಂದ ಕ್ಲೋಥೂ, ಥಾಯ್‌ನಲ್ಲಿ.

ಅಧಿಕಾರಿ ನಕ್ಕ. ಊಟದ ಪೊಟ್ಟಣಕ್ಕೆ ಕೈಚಾಚಿದವರ ಫೋಟೊ ತೆಗೆದರು. ಕಡತದಲ್ಲಿ ಅದಕ್ಕೆ 'ಜನರ ಸಹಭಾಗಿತ್ವ' ಎಂದು ಹೆಸರು. ವಾಪೋ ತನ್ನ ಪಾಲಿನ ಕರಿದ ಕೋಳಿಯನ್ನು ಮುಟ್ಟದೆ ಎದ್ದಳು.

ಹೊರಗೆ ಕ್ಲೋಥೂನನ್ನು ತಡೆದಳು. "ನಿನ್ನ ಹೊಕ್ಕುಳಬಳ್ಳಿ ಯಾವ ಮರದಲ್ಲಿದೆಯಪ್ಪಾ? ಇಲ್ಲಾ, ಅದನ್ನೂ ಮಾರ್ಕೊಂಡ್ಯಾ?"

ಅವನು ತಲೆ ತಗ್ಗಿಸಿದ. ಚುಟುಕಾಗಿ ಹೇಳಬೇಕೆಂದು ಅಪ್ಪಣೆಯಾಗಿತ್ತಂತೆ. "ಅಪ್ಪಣೆ ಅವರದು, ಬಾಯಿ ನಂದು. ತಪ್ಪು ನಂದೇ," ಎಂದ. ಎಲ್ಲವನ್ನೂ ಪೂರ್ತಿಯಾಗಿ ತಿಳಿಸಿದ್ದೇನೆಂದು ದುಭಾಷಿ ಸಹಿ ಹಾಕದಿದ್ದರೆ ಸಭೆ ಸಿಂಧುವಲ್ಲ, ಆ ಸಹಿಯನ್ನು ತಾನು ಹಾಕಿಲ್ಲ ಎಂದೂ ಹೇಳಿದ.

ಎಂಥ ನಾಟಕ... ಎಂದುಕೊಂಡು ಅವಳು ಹೇಸಿ ಹೊರಟುಹೋದಳು.

ಆದರೆ ವಾರದಲ್ಲಿ ಮರುಸಭೆಯ ನೋಟಿಸು ಬಂತು. ಅದರ ಹಿಂದೆಯೇ ಕ್ಲೋಥೂ ಮುನ್ನೂರು ಪುಟಗಳ ವರದಿಯೊಂದಿಗೆ ಅಜ್ಜಿಯ ಜಗಲಿಗೆ ಬಂದ. ಓದುಬಾರದ ಹಿರಿಯರು ಕೇಳಲೆಂದು ಇಡೀ ವರದಿಯನ್ನು ಕರೆನ್ ಭಾಷೆಯಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸತೊಡಗಿದ. 'ಕ್ಷೀಣಿಸಿದ ಅರಣ್ಯ' ಎಂಬಲ್ಲಿ ತಡವರಿಸಿ ನಿಂತ.

"ಕ್ಷೀಣಿಸಿರೋದು ಕಾಡಲ್ಲ ಮಗಾ, ಅವರ ಕಣ್ಣು," ಎಂದರು ಅಜ್ಜಿ.

ವಾಪೋ ನಕ್ಕುಬಿಟ್ಟಳು. ಅಂದಿನಿಂದ ಅವನ ಪಕ್ಕದಲ್ಲಿ ಕುಳಿತು ತಪ್ಪು ತಿದ್ದಿದಳು. ಅವನ ಮೇಲಿನ ಹೇಸಿಗೆ ಪುಟಪುಟಕ್ಕೂ ಕರಗಿತು. ಆ ಸಭೆಯ ಮೇಲಿನದು ಮಾತ್ರ ಹಾಗೆಯೇ ಉಳಿಯಿತು.

ಮರುಸಭೆಯಲ್ಲಿ ಅಜ್ಜಿ ಮಾತು ಮುಗಿಸಿದಾಗ, ಚುಟುಕಾಗಿ ಹೇಳೆಂದು ಅಧಿಕಾರಿ ಕ್ಲೋಥೂನನ್ನು ಗದರಿಸಿದ.

"ಅವ್ರು ಒಂಬತ್ತು ನಿಮಿಷ ಮಾತಾಡಿದ್ದಾರೆ ಸರ್. ನನಗೂ ಒಂಬತ್ತು ನಿಮಿಷ ಬೇಕು."

ಒಂದು ಮಾತನ್ನೂ ಬಿಡದೆ ಹೇಳಿದ. ಊರಿನ ವಿರೋಧ ಮೊದಲ ಬಾರಿಗೆ ಕಡತಕ್ಕೆ ಏರಿತು. ಸಂಜೆಗೆ ಅವನ ಕೆಲಸ ಹೋಯಿತು.

ನದಿಯ ದಡದಲ್ಲಿ ಅವನು ವಾಪೋಳ ಪಕ್ಕ ಬಂದು ಕುಳಿತ. "ನಿನ್ನ ಜೊತೆಗೇ ಇರಬೇಕು ಅನ್ಸುತ್ತೆ, ವಾಪೋ... ಕೆಲಸ ಇಲ್ಲದವನು ಹೀಗೆ ಕೇಳಬಾರದೇನೋ."

"ಕೇಳಿಯಾಯ್ತಲ್ಲ," ಎಂದು ಅವಳು ಅವನ ಕೈ ಹಿಡಿದಳು. "ನಾಳೆ ಕೆಳಗಿನ ಹಳ್ಳೀಲೂ ಸಭೆಯಂತೆ. ದುಭಾಷಿ ಇಲ್ವಂತೆ. ಇಬ್ರೂ ಹೋಗೋಣ."

ಓದುಗರೇ, ಮುಂದಿನ ಅಹವಾಲು ಸಭೆಯಲ್ಲಿ ಪಕ್ಕದಲ್ಲಿ ಕುಳಿತವರಿಗೆ ಮಾತು ಅರ್ಥವಾಗುತ್ತಿದೆಯೇ ಎಂದು ದಯವಿಟ್ಟು ಕೇಳಿ. ಇಲ್ಲವೆಂದರೆ, ಎದ್ದು ನಿಂತು ಸಭೆಯನ್ನು ತಡೆಯಿರಿ.