ಮೊಟಾಗುವಾ ನದಿಯ ಕಾವಲುಗಾರ

"ಎವೆಲಿಯೊ ಅಂದ್ರೆ ಯಾರು ಇಲ್ಲಿ?"

ಸಭೆಯ ಬಾಗಿಲಲ್ಲೇ ನಿಂತು ಕೇಳಿದಳು ನೊಯೆಮಿ. ದನಿಯಲ್ಲಿ ಜಗಳವಿತ್ತು, ಕಾಲಲ್ಲಿ ಮಾತ್ರ ತ್ರಾಣವಿರಲಿಲ್ಲ. ಮುಂಜಾನೆಯೇ ಹೊಂಡುರಾಸ್‌ನ ಒಮೋವಾದಲ್ಲಿ ಬಸ್ಸು ಹತ್ತಿ, ಗಡಿ ದಾಟಿ, ನದಿಯ ಕಸದ ಬಗ್ಗೆ ಎರಡೂ ದೇಶಗಳು ಕರೆದ ಸಭೆಗೆಂದು ಗ್ವಾಟೆಮಾಲಾದ ಈ ಬಂದರು ಊರಿಗೆ ಬಂದಿದ್ದಳು.

ಒಮೋವಾದ ಕಡಲತೀರ ಗುಡಿಸುವವರ ಮೇಸ್ತ್ರಿ ಅವಳು. ಮೊಟಾಗುವಾ ನದಿ ಗ್ವಾಟೆಮಾಲಾದ ಊರುಗಳ ಕಸವನ್ನೆಲ್ಲ ಕಡಲಿಗೆ ಸುರಿಯುತ್ತದೆ. ಕಡಲು ಅದನ್ನು ತಂದು ಅವಳ ಮರಳ ಮೇಲೆ ಹಾಕುತ್ತದೆ. ನದಿ ಕಡಲು ಸೇರುವಲ್ಲಿ ಕಸ ತಡೆಯಲೆಂದು ಕಟ್ಟಿದ ತೇಲುವ ಬಲೆಗೆ ಎವೆಲಿಯೊ ಕಾವಲುಗಾರ. ಮಳೆಗೆ ನದಿ ಉಕ್ಕಿ ಬಲೆ ಹರಿದಾಗಲೆಲ್ಲ ಅವನ ಫೋನು: "ನೊಯೆಮಿಯವರೇ, ನಾಳೆ ನಿಮ್ಮ ಕಡೆ ಬರುತ್ತೆ. ಕ್ಷಮಿಸಿ." ನಾಲ್ಕು ವರ್ಷದಿಂದ ಬೈಯುತ್ತಿದ್ದಳು. ಮುಖ ಮಾತ್ರ ನೋಡಿರಲಿಲ್ಲ.

"ನಾನೇ," ಎಂದು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನೊಬ್ಬ ಎದ್ದ. ಅವಳು ಊಹಿಸಿಕೊಂಡಿದ್ದ ಸೂಟಿನ ಅಧಿಕಾರಿಯಲ್ಲ. ಕೆಸರು ಮೆತ್ತಿದ ರಬ್ಬರ್ ಬೂಟು, ಅಂಗೈಗೆ ಬ್ಯಾಂಡೇಜು, ನಿದ್ದೆಯಿಲ್ಲದ ಕಣ್ಣು.

"ಇಷ್ಟೇನಾ ನೀವು?"

"ಫೋನಲ್ಲಿ ಇನ್ನೂ ದಪ್ಪಗಿದ್ನಾ?"

ಕಾಯ್ದಿಟ್ಟುಕೊಂಡು ಬಂದ ಬೈಗುಳವೆಲ್ಲ ಅವಳಿಗೆ ಮರೆತೇಹೋಯಿತು. ಪಕ್ಕದ ಕುರ್ಚಿಯಲ್ಲಿ ಕುಸಿದಳು. ಅವನು ತನ್ನ ಕಾಫಿಯನ್ನು ಅವಳತ್ತ ಸರಿಸಿದ.

ವೇದಿಕೆಯ ಮೇಲೆ ಎರಡೂ ದೇಶದ ಅಧಿಕಾರಿಗಳು ಮಧ್ಯಾಹ್ನದವರೆಗೆ ಮಾತಾಡಿದರು. ಇನ್ನೊಂದು ಅಧ್ಯಯನ ನಡೆಸುವುದೆಂದು ಸಹಿ ಹಾಕಿದರು. ಇದು ಏಳನೆಯ ಸಭೆ. ಚಪ್ಪಾಳೆ ತಟ್ಟದವರು ಇವರಿಬ್ಬರೇ.

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಅವನೆಂದ: "ನಾನು ಈ ಕೆಲಸ ಬಿಡ್ತಿದೀನಿ. ಹೊಲಿದಷ್ಟೂ ಹರಿಯುತ್ತೆ. ನಿಮಗೂ ಬೈಯೋ ಕಷ್ಟ ತಪ್ಪುತ್ತೆ."

ಅವಳು ತಟ್ಟನೆ ಅವನತ್ತ ತಿರುಗಿದಳು. "ನನ್ನ ಕಷ್ಟ ನಿಮಗೇನು ಗೊತ್ತು?"

ಅವನು ಬೂಟಿನ ಕೆಸರನ್ನೇ ನೋಡುತ್ತಿದ್ದ. "ಒಂದು ಮಾತು ಹೇಳ್ತೀನಿ, ಉಗೀಬೇಡಿ. ಬಲೆ ಹರಿದಾಗ ನಂಗೆ ಒಳಗೊಳಗೇ ಖುಷಿ ಆಗೋದು. ನಿಮ್ಮ ದನಿ ಕೇಳಬಹುದು ಅಂತ. ಆಮೇಲೆ ನನ್ನ ಮೇಲೇ ಅಸಹ್ಯ."

"ಮೋಡ ಕಂಡ್ರೆ ನಾನು ಫೋನ್ ಚಾರ್ಜಿಗೆ ಹಾಕ್ತಿದ್ದೆ," ಎಂದಳು ಅವಳು. ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಅವನಿಗೆ ಕರೆ ಬಂತು. ನದಿಯ ಮೇಲ್ಭಾಗದಲ್ಲೆಲ್ಲೋ ಮಳೆ, ನದಿ ಏರುತ್ತಿದೆ. ಅವನು ಎದ್ದ. ಅವಳೂ ಎದ್ದಳು.

"ನಿಮ್ಮ ಬಸ್ಸು ಮೂರಕ್ಕೆ."

"ಹೋಗ್ಲಿ ಬಿಡಿ."

ದೋಣಿಯಲ್ಲಿ ಹೋದರು. ಬಲೆಗೆ ಬಾಟಲಿ, ಚಪ್ಪಲಿ, ಮುರಿದ ಕುರ್ಚಿಗಳ ಗುಡ್ಡವೇ ಒತ್ತಿ ನಿಂತಿತ್ತು. ಅವಳು ಹಗ್ಗದ ಒಂದು ತುದಿ ಹಿಡಿದಳು.

"ಗಟ್ಟಿಯಾಗಿ ಹಿಡಿದಿದೀರಾ?"

"ಹಿಡಿದಿದೀನಿ. ನೀನು ಗಂಟು ಹಾಕು."

'ನೀನು' ಎಂದದ್ದಕ್ಕೆ ಅವನು ಗಂಟು ಮರೆತು ಅವಳನ್ನೇ ನೋಡಿದ. ಅವಳು ಮುಖ ತಿರುಗಿಸಲಿಲ್ಲ.

ಸಂಜೆಯ ಹೊತ್ತಿಗೆ ಬಲೆ ನಿಂತಿತು. ಕಸ ಒಂದಿಷ್ಟು ತಪ್ಪಿಸಿಕೊಂಡು ಕಡಲ ಕಡೆ ಹೋಯಿತು. ಅವಳು ಅದನ್ನು ನೋಡುತ್ತ, ಸೋತ ತಲೆಯನ್ನು ಅವನ ಒದ್ದೆ ಭುಜಕ್ಕೆ ಆನಿಸಿದಳು.

"ನಾಳೆನೂ ಹೀಗೇ ಇರುತ್ತೆ, ನೊಯೆಮಿ."

"ಇರ್ಲಿ. ನಾನೂ ಇರ್ತೀನಿ."