ಒಂದೇ ಬಾಗಿಲ ಮನೆ

"ಇವತ್ತೂ ಕೆಲಸ ಸಿಗ್ಲಿಲ್ಲ ಅಂದ್ರೆ ಆ ಫಾರಿನ್ ಡಿಗ್ರಿನ ಅರೆದು ಕುಡಿ! ನಿಮ್ಮಣ್ಣ ಬಸ್ ಓಡಿಸಿ ಓಡಿಸಿ ಸಾಯ್ಲಿ!"

ಇಷ್ಟು ಹೇಳಿ ಅತ್ತಿಗೆ ತುಂಬು ಹೊಟ್ಟೆ ಹೊತ್ತು ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡಳು. ಗುಬ್ಬಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಅಣ್ಣ ಪರದೇಶಕ್ಕೆ ಕಳಿಸಿ ಓದಿಸಿದ್ದು ಅತ್ತಿಗೆಯ ಕಣ್ಣಿಗೆ ಚುಚ್ಚುತ್ತಿತ್ತು. ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ವರ್ಷಕ್ಕೊಮ್ಮೆ. ಅಲ್ಲಿ ಪರೀಕ್ಷೆ ಮುಗಿಸಿ ಗುಬ್ಬಿ ಬಂದಿಳಿಯುವಷ್ಟರಲ್ಲಿ, ಇಲ್ಲೇ ಓದಿದವರು ಕುರ್ಚಿ ಹಿಡಿದು ಕೂತಾಗಿತ್ತು. ಮುಂದಿನ ವರ್ಷ ಬಂದರೋ, ಹಳೆಯ ಪದವಿ ಎಂದು ಮೂಸಿಯೂ ನೋಡುವುದಿಲ್ಲ. ಇಂಥ ನಿಯಮ ಮಾಡಿದವರಿಗಿಷ್ಟು ಬೆಂಕಿ ಹಾಕ! ಉಳಿದಿದ್ದು ಇದೊಂದೇ ಕಂಪನಿ, ಇದೊಂದೇ ಸಂದರ್ಶನ.

ಪ್ರಶ್ನೆಗಳು ಶುರುವಾದವು. ಗುಬ್ಬಿಯ ನಾಲಿಗೆ ಈಗಷ್ಟೇ ಹದಕ್ಕೆ ಬರುತ್ತಿತ್ತು, ಒಳಗೆ ಪಾತ್ರೆಯೊಂದು ಧಡಾರನೆ ಬಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಮೈಕ್ ಬಂದ್ ಮಾಡಿ ಅಡುಗೆಮನೆಯ ಪರದೆಯತ್ತ ಗದರಿದಳು.

"ಬೇಕಂತಲೇ ಮಾಡ್ತಿದೀರಾ ಅತ್ತಿಗೆ? ಸ್ವಲ್ಪ ಹೊತ್ತು ತೆಪ್ಪಗಿರೋಕಾಗಲ್ವಾ?"

"ಆಯ್ತು... ಆಯ್ತಮ್ಮ... ನೀನು ಮುಗಿಸು."

ಆಮೇಲೆ ಒಂದು ಚೂರು ಸದ್ದಿಲ್ಲ. ಕೇಳಿದ್ದಕ್ಕೆಲ್ಲ ಗುಬ್ಬಿ ಪಟಪಟನೆ ಉತ್ತರ ಕೊಟ್ಟಳು. ಆ ಕಡೆಯವರು ನಕ್ಕು, ಸೋಮವಾರವೇ ಬಂದು ಸೇರಿ ಎಂದರು. ಸಿಕ್ಕಿಯೇ ಬಿಟ್ಟಿತು! ಗುಬ್ಬಿ ಓಡಿಹೋಗಿ ಪರದೆ ಸರಿಸಿದಳು.

ಅತ್ತಿಗೆ ನೆಲದ ಮೇಲೆ ಬಿದ್ದಿದ್ದಳು. ಬಾಯಿಗೆ ಮಸಿಬಟ್ಟೆ ತುರುಕಿಕೊಂಡು ಹಲ್ಲು ಕಚ್ಚಿ ಹಿಡಿದಿದ್ದಳು. ಉಟ್ಟ ಬಟ್ಟೆಯೆಲ್ಲ ರಕ್ತ! ಆ ಮನೆಗಿದ್ದದ್ದು ಒಂದೇ ಬಾಗಿಲು, ಅದೂ ಗುಬ್ಬಿ ಕೂತಿದ್ದ ಕುರ್ಚಿಯ ಹಿಂದೆ. ಹೊರಗೆ ಹೋಗಬೇಕಾದರೆ ಕ್ಯಾಮೆರಾದ ಕಣ್ಣೆದುರೇ ರಕ್ತ ಸುರಿಸಿಕೊಂಡು ಹಾಯಬೇಕಿತ್ತು. ಅವಳು ಹಾಯಲಿಲ್ಲ... ಕೂಗಲೂ ಇಲ್ಲ!

"ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ ಮಗು ಉಳೀತಿತ್ತು," ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಅಣ್ಣ ಖಾಕಿ ಅಂಗಿಯಲ್ಲೇ ಗೋಡೆಗೊರಗಿ ಕುಸಿದ.

ಗುಬ್ಬಿ ಅತ್ತಿಗೆಯ ಕಾಲು ಹಿಡಿದು ಬಿಕ್ಕಿದಳು. "ಒಂದು ಸಲ ಕೂಗಬಾರದಿತ್ತಾ ಅತ್ತಿಗೆ! ಹಾಳಾಗಿ ಹೋಗ್ಲಿ ಆ ಕೆಲಸ, ನಾನು ಸೇರಲ್ಲ..."

"ಸೇರಲ್ವಾ?" ಅತ್ತಿಗೆ ಏಳಲು ನೋಡಿದಳು, ಆಗಲಿಲ್ಲ. "ಹಲ್ಲು ಉದುರಿಸಿಬಿಡ್ತೀನಿ! ಸ್ವಲ್ಪ ಹೊತ್ತು ತಾನೆ, ತಡ್ಕೊಂಡ್ರಾಯ್ತು ಅಂದ್ಕೊಂಡೆ ಕಣೇ... ಕೆಟ್ಟೆ. ಈಗ ನೀನೂ ಬಿಟ್ಟು ಕೂತ್ರೆ, ನನ್ನ ಕೂಸು ಯಾತಕ್ಕೆ ಹೋಯ್ತು ಅಂತ ಯಾರನ್ನ ಕೇಳ್ಲಿ?"

ಸೋಮವಾರ ಬೆಳಿಗ್ಗೆ ಅಣ್ಣ ತಂಗಿಯ ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದ. ಆಸ್ಪತ್ರೆಯಿಂದ ಬಂದಿದ್ದ ಅತ್ತಿಗೆ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಹೋಗಿ ಬರ್ತೀನಿ ಅತ್ತಿಗೆ."

ಒಂದೇ ಒಂದು ಬೈಗುಳಕ್ಕಾಗಿ ಗುಬ್ಬಿ ಹೊಸಿಲಲ್ಲಿ ನಿಂತು ಕಾದಳು. ಬಸ್ಸಿನ ಹೊತ್ತಾಯಿತು... ಹೊರಟಳು.