ತಳವಾರ ಬರ್ಮಣ್ಣನ ಸಾಕ್ಷ್ಯ

ಕಡವಲೂರು ಸಂಸ್ಥಾನದ ರಾಜಧಾನಿಯಲ್ಲಿ ಅಂದು ಚೈತ್ರದ ಬಿಸಿಲು ಕೋಟೆಯ ಕೆಂಗಲ್ಲುಗಳ ಮೇಲೆ ಕಾದು ನಿಂತಿತ್ತು. ಪಟ್ಟದಾನೆ ಕೆರೆಯ ಸೋಪಾನದ ಬಳಿ ಮೀಯುತ್ತಿತ್ತು. ಪೇಟೆಯ ಬೀದಿಯಲ್ಲಿ ಮಲ್ಲಿಗೆ, ಗಂಧ, ಗಾಣದ ಎಣ್ಣೆಗಳ ವಾಸನೆ ಒಂದರೊಡನೊಂದು ಬೆರೆತಿತ್ತು. ಅರಮನೆಯ ಮಹಾದ್ವಾರದಲ್ಲಿ ಮಾತ್ರ ಒಂದು ಹೊಸ ವಿನೋದ. ಇಂಗ್ಲೆಂಡಿನ ಚಳಿಗೆಂದು ನೇಯ್ದ ನೀಲಿ ಉಣ್ಣೆಯ ಕೋಟು ತೊಟ್ಟು, ಹನ್ನೆರಡು ಮಂದಿ ಕಾನ್‌ಸ್ಟೇಬಲ್ಲುಗಳು ಬೆವರು ಸುರಿಸುತ್ತ ನಿಂತಿದ್ದರು. ಸೊಪ್ಪು ಮಾರುವ ಹೆಂಗಸರು ಅವರನ್ನು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಈ ವೇಷ ದಿವಾನ ನರಸೋಪಂತನ ಕಾಣಿಕೆ. ಇಂಗ್ಲಿಷರ ಏಜೆಂಟ್ ಹ್ಯಾಲೋವೇ ಸಾಹೇಬನ ಮುಂದೆ ಅವನು ಎಷ್ಟು ಬಾಗುತ್ತಿದ್ದನೆಂದರೆ, ಸಾಹೇಬನ ಮುಖಕ್ಕಿಂತ ಬೂಟುಗಳ ಪರಿಚಯವೇ ಅವನಿಗೆ ಹೆಚ್ಚಾಗಿತ್ತು. ರಾಜರು ಗತಿಸಿದ ಮೇಲೆ ರಾಣಿ ಮಲ್ಲಾಜಮ್ಮಣ್ಣಿಯವರು ಆಳುತ್ತಿದ್ದರು. ರಾಣಿ ಇಂಗ್ಲಿಷರಿಗೆ ದ್ರೋಹ ಬಗೆದರೆಂದು ಸಿದ್ಧವಾದರೆ ಸಂಸ್ಥಾನ ಇಂಗ್ಲಿಷರ ವಶವಾಗುವುದು, ಆಡಳಿತ ದಿವಾನನ ಕೈಗೆ ಬರುವುದು. ಆ ಮಹಾಪುರುಷನ ಮಹತ್ತ್ವಾಕಾಂಕ್ಷೆಯೆಲ್ಲ ಇಷ್ಟೇ.

ಹನ್ನೆರಡು ಜನರ ಮುಖ್ಯಸ್ಥ ಬರ್ಮಣ್ಣ. ಅವನ ವಂಶದವರು ಐದು ತಲೆಮಾರು ನಗರದ ತಳವಾರರಾಗಿದ್ದವರು. ಕಳವಾದ ವಸ್ತು ಸಿಕ್ಕದಿದ್ದರೆ ತಮ್ಮ ಮನೆಯದನ್ನೇ ತಂದುಕೊಡಬೇಕೆಂಬ ಕಟ್ಟಳೆಗೆ ತಲೆಬಾಗಿ, ಊರ ಪಂಚರೆದುರು ನಿಂತು ಉತ್ತರ ಹೇಳುತ್ತಿದ್ದವರು. ಈಗ ಅವನು ಹೆಡ್ ಕಾನ್‌ಸ್ಟೇಬಲ್. ದಿವಾನನೊಬ್ಬನಿಗೆ ಉತ್ತರ ಹೇಳಿದರೆ ಸಾಕು.

ದಿವಾನನ ಅಪ್ಪಣೆಯಂತೆ ಅವನು ತನ್ನ ಜನರೊಡನೆ ಮದ್ದುಗುಂಡಿನ ಆರು ಪೆಟ್ಟಿಗೆಗಳನ್ನು ದಿನಸಿಯೆಂದು ಹೇಳಿ ಹಾಡಹಗಲೇ ಅರಮನೆಯ ಉಗ್ರಾಣಕ್ಕೆ ಸೇರಿಸಿದ್ದ. ಮರುದಿನ ದಿವಾನ ಅವನನ್ನೇ ಶೋಧನೆಗೆ ಕಳಿಸಿ, "ರಾಣಿಯವರು ಬಚ್ಚಿಟ್ಟಿದ್ದು ಸಿಕ್ಕಿತು" ಎಂಬ ವರದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ. "ಒತ್ತದಿದ್ದರೆ ನಾಳೆ ನಿನ್ನ ಮನೆಯಲ್ಲೂ ಪೆಟ್ಟಿಗೆ ಸಿಗುತ್ತದೆ" ಎಂದು ದಿವಾನ ನಕ್ಕಿದ್ದ. ಬರ್ಮಣ್ಣ ಹೆದರಿ ಒತ್ತಿದ. ಅಂದಿನಿಂದ ಅವನಿಗೆ ತನ್ನ ಕೈಯ ಅನ್ನವೇ ಹೇಸಿಗೆಯಾಯಿತು.

ವಿಚಾರಣೆಯ ದಿನ ದರ್ಬಾರು ಕಿಕ್ಕಿರಿದಿತ್ತು. ಸಿಂಹಾಸನದ ಪಕ್ಕ ಸಾಹೇಬ ಕಾಲುಚಾಚಿ ಕುಳಿತಿದ್ದ. ಬಿಳಿಸೀರೆಯ ರಾಣಿ ನಿಂತಿದ್ದರು.

ಸಾಹೇಬ ತನ್ನ ಮುರುಕು ಕನ್ನಡದಲ್ಲಿ ಕೇಳಿದ: "ಹೆಡ್ ಕಾನ್‌ಸ್ಟೇಬಲ್, ಈ ವರದಿ ನಿನ್ನದೋ?"

"ಹೆಬ್ಬೆಟ್ಟು ನನ್ನದು, ದೊರೆ. ಉತ್ತರ ಹೇಳುವ ಮೊದಲು ಒಂದು ಪ್ರಶ್ನೆಗೆ ಅಪ್ಪಣೆಯಾಗಲಿ. ನಿಮ್ಮ ದೇಶದಲ್ಲಿ ಕಾನ್‌ಸ್ಟೇಬಲನನ್ನು ನೇಮಿಸುವವರು ಯಾರು?"

ಸಾಹೇಬನಿಗೆ ಸ್ವದೇಶದ ಪ್ರಶಂಸೆ ಪ್ರಿಯ. "ನನ್ನ ಅಜ್ಜನ ಕಾಲದಲ್ಲಿ ಊರವರೇ ತಮ್ಮೊಳಗೊಬ್ಬನನ್ನು ಆರಿಸುತ್ತಿದ್ದರು. ವರ್ಷಕ್ಕೊಬ್ಬ. ಅವನು ನೆರೆಹೊರೆಯವರಿಗೆ ಜವಾಬ್ದಾರ. ಅದು ನಮ್ಮ ಪುರಾತನ ಸ್ವಾತಂತ್ರ್ಯ!"

"ನಮಗೇಕೆ ಆ ಪದ್ಧತಿ ತರಲಿಲ್ಲ?"

"ಅದು ಇಂಗ್ಲೆಂಡ್. ಇದು ಬೇರೆ ದೇಶ."

"ತಿಳಿಯಿತು, ದೊರೆ. ಸ್ವಾತಂತ್ರ್ಯವನ್ನು ಮನೆಯಲ್ಲಿಟ್ಟು, ನಮಗೆ ಕೋಟು ಕಳಿಸಿದಿರಿ."

ಸಭೆಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ದಿವಾನ ಎದ್ದು, "ಅಧಿಕಪ್ರಸಂಗ ಸಾಕು! ಪೆಟ್ಟಿಗೆ ಸಿಕ್ಕಿತೋ ಇಲ್ಲವೋ ಹೇಳು" ಎಂದು ಗದರಿದ.

"ಸಿಕ್ಕಿತು, ಸ್ವಾಮಿ. ಸಿಗದೇ ಇರುತ್ತದೆಯೇ? ಇಟ್ಟವನು ನಾನು, ಇಡಿಸಿದವರು ತಾವು. ನಿಮ್ಮ ತೋಟದ ಮನೆಯ ನೆಲಮಾಳಿಗೆಯಿಂದ ಹೊತ್ತೆವು. ಇನ್ನೂ ನಾಲ್ಕು ಅಲ್ಲೇ ಇವೆ. ರಾಣಿಯವರಿಗೆ ಏನೂ ಗೊತ್ತಿಲ್ಲ. ವರದಿ ಸುಳ್ಳು, ಒತ್ತಿದ ನಾನು ಸುಳ್ಳುಗಾರ."

ಸಾಹೇಬ ಚಾಚಿದ ಕಾಲು ಮಡಿಚಿ ನೇರ ಕುಳಿತ. "ಸುಳ್ಳು ವರದಿಗೆ ಏಳು ವರ್ಷ ಕಡಲಾಚೆಯ ದ್ವೀಪದ ಸೆರೆ. ಈಗಲೂ ಮಾತು ಹಿಂತೆಗೆದುಕೊಳ್ಳಬಹುದು."

"ಒಮ್ಮೆ ಸತ್ಯ ತಿರುಚಿದ್ದು ಸಾಲದೇ, ದೊರೆ? ತೋಟದ ಮನೆಗೆ ಜನ ಕಳಿಸಿ."

ಮಧ್ಯಾಹ್ನದೊಳಗೆ ನಾಲ್ಕು ಪೆಟ್ಟಿಗೆಗಳು ದರ್ಬಾರಿನ ಮಧ್ಯೆ ಬಂದು ಬಿದ್ದವು. ಅದೇ ಗುರುತು, ಅದೇ ಬೀಗ. ಇಷ್ಟು ಜನರ ಕಣ್ಣೆದುರು ಸಾಹೇಬನಿಗೂ ಬೇರೆ ದಾರಿಯಿರಲಿಲ್ಲ; ರಾಣಿ ನಿರ್ದೋಷಿಯೆಂದು ಘೋಷಿಸಿದ. ನರಸೋಪಂತನಿಗೆ ಹಠಾತ್ತನೆ ದೇಹಾಲಸ್ಯ ಉಂಟಾಯಿತು. ಇಂಗ್ಲಿಷರ ಕೃಪೆಯಿಂದ ಪಲ್ಲಕ್ಕಿಯಲ್ಲಿ ಕಾಶಿಗೆ ಹೋದ. ಅಂಥವರು ಕಾಶಿಗೆ ಹೋಗುತ್ತಾರೆ. ದ್ವೀಪಕ್ಕೆ ಹೋಗುವವರು ಬರ್ಮಣ್ಣನಂಥವರು.

ಕೈಕೋಳದ ಬರ್ಮಣ್ಣನನ್ನು ಕೋಟೆಯ ಬಾಗಿಲಿಗೆ ತಂದ ದಿನ, ರಾಣಿ ಮಲ್ಲಾಜಮ್ಮಣ್ಣಿಯವರು ಮೇನೆ ಬಿಟ್ಟು ಬೀದಿಯ ಧೂಳಿನಲ್ಲಿ ನಡೆದು ಬಂದರು. ಊರೆಲ್ಲ ನೋಡುತ್ತಿದ್ದಂತೆ ಅವನಿಗೆ ಕೈಮುಗಿದರು.

ಅವನು ಹಿಂದೆ ಸರಿದ. "ಬೇಡ ತಾಯಿ. ತಮ್ಮ ಮೇಲೆ ಕೆಸರು ಹಾಕಿದವನೂ ನಾನೇ."

"ತೊಳೆದವನು ಯಾರು, ಬರ್ಮಣ್ಣ?"

ಕಾವಲಿನವನು ಸರಪಳಿ ಜಗ್ಗಿದ. ಪೇಟೆಯ ಹಿರಿಯರು ಒಬ್ಬೊಬ್ಬರಾಗಿ ಅಂಗಡಿಯ ಜಗುಲಿಯಿಂದ ಇಳಿದು, ತಲೆಯ ರುಮಾಲು ತೆಗೆದು ದಾರಿ ಬಿಟ್ಟರು. ಐದು ತಲೆಮಾರಿನ ತಳವಾರ ಅವರ ನಡುವೆ ತಲೆಯೆತ್ತಿ ನಡೆದುಹೋದ.